ದಿನಕ್ಕೊಂದು ಕಿತ್ತಳೆ ಬಣ್ಣದ ಮಾತ್ರೆ

ಜನವರಿ 7

ಚಿಕ್ಕಮ್ಮ, ಮಂಡಿನೋವು ಹೇಗಿದೆ? ಸೋದರಮಾವನಿಗೆ ನಿದ್ದೆ ಬರುತ್ತಿದೆಯೆ? ಪುಟ್ಟಿಯ ಮಗುವಿಗೆ ಕೆಮ್ಮು ನಿಂತಿತೆ? ಗುಂಡಣ್ಣನ ಬೆನ್ನು ಇಷ್ಟೊತ್ತಿಗೆ ನೆಟ್ಟಗಾಗಿರಬೇಕು. ನಾವಿಲ್ಲಿ ಎಲ್ಲರೂ ಕ್ಷೇಮ.

ನೋಡು, ಕೈ ತಾನಾಗಿಯೇ ಇಷ್ಟು ಬರೆದುಬಿಟ್ಟಿತು. ಶಾಲೆಗೆ ಹೋದವಳಲ್ಲ ನಾನು. ರಿಪೇರಿಗೆ ಬಂದ ಸೋಫಾಗಳ ಅಡಿಯಲ್ಲಿ ಗಿರಾಕಿಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತ ಅಕ್ಷರ ಕಲಿತೆ. ಆಮೇಲೆ ಬರೆದದ್ದೆಲ್ಲ ನೆಂಟರಿಗೆ ಕಾಗದಗಳೇ. ಹಾಗಾಗಿ ದಿನಚರಿಗೆಂದು ಕೂತರೂ ಕ್ಷೇಮ ಕೇಳದೆ ಪೆನ್ನು ಮುಂದಕ್ಕೆ ಸರಿಯುವುದಿಲ್ಲ. ಇದನ್ನು ಯಾರಿಗೂ ಕಳಿಸುವುದಿಲ್ಲ. ಇಲ್ಲಿ ಬರೆಯಬೇಕೆಂದಿರುವುದನ್ನು ಓದಿದರೆ ಚಿಕ್ಕಮ್ಮ ಮಂಡಿನೋವನ್ನೂ ಮರೆತು ನಕ್ಕಾಳು.

ವಿಷಯ ಇಷ್ಟೇ. ತಮ್ಮನಿಗೆ ಮತ್ತೆ ಸೀನು ಹತ್ತಿದೆ. ಹಳೇ ಸೋಫಾ ಬಿಚ್ಚಿದರೆ ಒಳಗಿನ ಹತ್ತಿ, ನಾರು, ಎಷ್ಟೋ ವರ್ಷದ ಧೂಳು ಎಲ್ಲ ಮುಖಕ್ಕೇ ಹಾರುತ್ತದೆ. ಈ ಸೀನಿಗೆ ಬಿಸಿನೀರು, ಸೂಪು, ಆವಿ ಎಲ್ಲ ಮಾಡಿಕೊಂಡು ಬಂದವಳು ನಾನು. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಈಗ ತಲೆ ನರೆತಿದೆ. ನನಗೂ ಅವನಿಗೂ ಮದುವೆಯ ಯೋಗ ಬರಲಿಲ್ಲ. ನಮ್ಮ ಸೋಫಾ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾವಿಬ್ಬರೇ. ಅವನು ಬಟ್ಟೆ ಎಳೆದು ಮೊಳೆ ಹೊಡೆಯುತ್ತಾನೆ, ನಾನು ಗವಸು ಹೊಲಿಯುತ್ತೇನೆ. ಬೀದಿಯವರು ಅವನನ್ನು ಕರೆಯುವುದು ಮೊಳೆ ಮೇಸ್ತ್ರಿ ಎಂದು.

ಇವತ್ತು ಎದುರುಗಡೆ ಔಷಧಿ ಅಂಗಡಿಗೆ ಹೋದವನು ನಗುತ್ತ ಬಂದ. ಒಂದು ಕೆನ್ನೆ ಉಬ್ಬಿತ್ತು.

“ಬಾಯಲ್ಲೇನೋ?”

“ವಿಟಮಿನ್ ಸಿ ಅಂತೆ ಅಕ್ಕ. ದಿನಕ್ಕೊಂದು ತಿಂದ್ರೆ ಶೀತ ಹತ್ರ ಬರಲ್ವಂತೆ. ಕಿತ್ತಳೆ ಹಣ್ಣಿನ ರುಚಿ!”

“ಅಂತೆ, ಅಂತೆ. ಯಾರಂತೆ ಹೇಳಿದ್ದು?”

“ಅಂಗಡಿಯವರು” ಅಂದ. ಕಿವಿ ಕೆಂಪಾಯಿತು. ಅಂಗಡಿಯವರು! ಬಹುವಚನ ಬೇರೆ.

ಜನವರಿ 9

ಬ್ಯಾಂಡೇಜ್ ಬೇಕೆಂದು ನೆಪ ಮಾಡಿಕೊಂಡು ಹೋಗಿ ನೋಡಿ ಬಂದೆ. ಔಷಧಿ ಅಂಗಡಿಯವಳಿಗೆ ಐವತ್ತರ ಮೇಲಾಗಿದೆ. ಗಂಡ ಹೋಗಿ ಬಹಳ ವರ್ಷವಾಯಿತಂತೆ. ಕಪಾಟಿನ ಗಾಜು ಮುಖ ಕಾಣುವಷ್ಟು ಫಳಫಳ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾಳೆ. ಚೆಂದವೇ ಇದ್ದಾಳೆ, ಸುಳ್ಳು ಏಕೆ ಬರೆಯಲಿ. ಆದರೆ ಮೂಗು ಸ್ವಲ್ಪ ದೊಡ್ಡದು.

“ಏನು ಬೇಕಮ್ಮಾ?” ಎಂದಳು. ಅಮ್ಮಾ! ನನಗಿಂತ ಬಹಳ ಅಂದರೆ ಹತ್ತು ವರ್ಷಕ್ಕೆ ಚಿಕ್ಕವಳಿರಬೇಕು.

“ಬ್ಯಾಂಡೇಜು. ನಮ್ಮ ಹುಡುಗನಿಗೆ ಅದೇನೋ ಮಾತ್ರೆ ಕೊಟ್ಟಿದ್ದೀರಂತಲ್ಲ.”

“ಯಾವ ಹುಡುಗ?”

“ಮೊಳೆ ಮೇಸ್ತ್ರಿ.”

“ಓ, ಹುಡುಗ!” ಎಂದು ನಕ್ಕಳು. ನಗು ಬೇಗ ನಿಲ್ಲಲಿಲ್ಲ. “ಸಾಮಾನ್ಯ ಮಾತ್ರೆ ಅಮ್ಮಾ. ನಿಮಗೂ ಒಂದು ಕೊಡ್ಲಾ?”

“ನಮಗೇನು ದಾಡಿ? ಕಲ್ಲುಗುಂಡಿನ ಹಾಗಿದ್ದೀನಿ” ಎಂದೆ. ಎನ್ನುತ್ತಿದ್ದ ಹಾಗೇ ಸೀನು ಬಂತು. ಹಾಳಾದ್ದು.

ಒಂದು ವಿಷಯ ಕಂಡುಹಿಡಿದೆ. ಬೇರೆ ಗಿರಾಕಿಗಳಿಗೆ ಡಬ್ಬಿಯನ್ನೇ ಕೊಡುತ್ತಾಳೆ. ನನ್ನ ತಮ್ಮನಿಗೆ ಮಾತ್ರ ತನ್ನ ಮೇಜಿನ ಮೇಲಿರುವ ಡಬ್ಬಿಯಿಂದ ದಿನಕ್ಕೊಂದು, ಬಿಡಿಯಾಗಿ. ಅವನು ದಿನಾ ಹೋಗಬೇಕು.

ಜನವರಿ 21

ಸೀನು ಕಡಿಮೆಯಾಗಿದೆಯಂತೆ. “ಮಾತ್ರೆ ಕೆಲಸ ಮಾಡ್ತಿದೆ ಅಕ್ಕ” ಎಂದು ಹೇಳಿದ. ಕೆಲಸ ಮಾಡಿದ್ದು ಮಾತ್ರೆಯೇ? ಈ ವಾರವೆಲ್ಲ ನಾವು ಹೊಸ ಕುರ್ಚಿಗಳಿಗೆ ಸ್ಪಂಜು ಹಾಕುತ್ತಿದ್ದೇವೆ, ಒಂದೂ ಹಳೇ ಸೋಫಾ ಬಿಚ್ಚಿಲ್ಲ. ಧೂಳೇ ಇಲ್ಲದಿದ್ದರೆ ಸೀನು ಎಲ್ಲಿಂದ ಬರಬೇಕು? ಹೇಳಿದೆ. ಅವನು ತುಟಿಗಳ ನಡುವೆ ಮೊಳೆ ಇಟ್ಟುಕೊಂಡಿದ್ದ, “ಹ್ಞಂ” ಎಂದ. ಬಾಯಲ್ಲಿ ಮೊಳೆ ಇಟ್ಟುಕೊಂಡರೆ ಅವನೊಡನೆ ಜಗಳವಾಡಲಾಗದು. ಅದಕ್ಕೇ ಇಟ್ಟುಕೊಳ್ಳುತ್ತಾನೋ ಏನೋ.

ಇಷ್ಟು ವರ್ಷ ಸೂಪು ಕುಡಿದನಲ್ಲ, ಒಂದು ದಿನವೂ “ಸೂಪು ಕೆಲಸ ಮಾಡ್ತಿದೆ ಅಕ್ಕ” ಎನ್ನಲಿಲ್ಲ.

ಜನವರಿ 22

ಬಸ್ಸು ಹತ್ತಿ ದೊಡ್ಡ ಮಾರುಕಟ್ಟೆಯ ಕಡೆಯ ಔಷಧಿ ಅಂಗಡಿಗೆ ಹೋದೆ. ವಿಟಮಿನ್ ಸಿ ಕೊಡಿ ಎಂದೆ. ಎಷ್ಟು ಪವರಿನದು ಎಂದು ಕೇಳಿದ. ನಮ್ಮ ಎದುರಿನ ಅಂಗಡಿಯಲ್ಲಿ ಐನೂರರದು ಕೊಡುತ್ತಾರೆ ಎಂದೆ. ಸಾವಿರದ್ದೂ ಇದೆ ಎಂದ.

ಸಾವಿರದ್ದು ತಂದೆ.

ಹನ್ನೊಂದು ಗಂಟೆಯ ಚಹಾದ ಜೊತೆ ಕೊಟ್ಟೆ. “ಅವರು ಒಂದು ಕೊಟ್ಟಿದ್ದಾರಲ್ಲಕ್ಕ ಬೆಳಿಗ್ಗೆ” ಎಂದ.

“ಅದನ್ನ ಬಿಟ್ಟುಬಿಡು. ಇದು ಅದರ ಎರಡರಷ್ಟು.”

“ಅವರು ಬೇಜಾರು ಮಾಡ್ಕೋತಾರೆ.”

“ನಾನು ಮಾಡ್ಕೊಳ್ಳಲ್ವಾ?”

ತೆಗೆದುಕೊಂಡ. ನನ್ನ ಮುಖ ನೋಡುತ್ತ ಬಾಯಿಗೆ ಹಾಕಿಕೊಂಡ. ಒಳ್ಳೆಯ ಹುಡುಗ. ಅವಳಿಗೆ ಹೇಳಬೇಡ ಎಂದೆ. ಇನ್ನು ಅವಳದನ್ನು ತಿನ್ನಲಾರ.

ಜನವರಿ 23

ಇವತ್ತೂ ತಿಂದ.

ಫೆಬ್ರವರಿ 11

ಔಷಧಿ ಅಂಗಡಿಯವಳ ಸ್ಟೂಲಿನ ಮೇಲಿನ ದಿಂಬು ಹರಿದಿದೆಯಂತೆ. ಹರಿದಿರಲಿಲ್ಲ, ನಾನು ಅವತ್ತು ಹೋದಾಗ ನೋಡಿದ್ದೇನೆ. ಒಂದು ಹೊಲಿಗೆ ಬಿಟ್ಟಿತ್ತು ಅಷ್ಟೇ. ತಮ್ಮ ಅದನ್ನು ಹೊತ್ತು ತಂದು ಪೂರಾ ಬಿಚ್ಚಿ, ಹೊಸ ಸ್ಪಂಜು ಹಾಕಿ, ನಡುವೆ ಗುಂಡಿ ಕೂರಿಸಿ ಮಾಡಿದ. ಸ್ಟೂಲಿಗೆ ಗುಂಡಿ! ಯಾವ ರಾಣಿ ಕೂರುವುದಕ್ಕೆ? ಬಟ್ಟೆ ಯಾವುದು ಹಾಕಿದ ಗೊತ್ತೆ? ನನ್ನ ಹೊಲಿಗೆಯ ಕುರ್ಚಿಗೆಂದು ತೆಗೆದಿಟ್ಟಿದ್ದ ಹಸಿರು ಬಟ್ಟೆ.

“ಸ್ವಲ್ಪ ತುಂಡು ಸಾಕಲ್ಲಕ್ಕ” ಎಂದ.

ಗವಸು ಹೊಲಿದವಳು ನಾನೇ, ಇನ್ನಾರು ಹೊಲಿಯಬೇಕು. ಹೊಟ್ಟೆ ಉರಿದು ಒಂದು ಅಂಚನ್ನು ಬೇಕೆಂದೇ ಸೊಟ್ಟಗೆ ಹೊಲಿದೆ. ಹೊಲಿದು ನೋಡಿದೆ. ನೋಡಲಾಗಲಿಲ್ಲ. ಬಿಚ್ಚಿ ನೆಟ್ಟಗೆ ಹೊಲಿದೆ. ಅವಳ ಮೇಲಿನ ಸಿಟ್ಟಿಗೆ ನನ್ನ ಹೊಲಿಗೆಯ ಹೆಸರು ಕೆಡಬಾರದಲ್ಲ.

ಸಂಜೆ ಬೀದಿಯಾಚೆಯಿಂದ ಕೂಗಿದಳು: “ಅಕ್ಕಾ, ದಿಂಬು ತುಂಬ ಚೆನ್ನಾಗಿದೆ!”

ಮೊನ್ನೆಯವರೆಗೆ ಅಮ್ಮಾ, ಈಗ ಅಕ್ಕ. ನನ್ನನ್ನು ಅಕ್ಕ ಎಂದು ಕರೆಯುವವನು ಈ ಬೀದಿಯಲ್ಲಿ ಒಬ್ಬನೇ ಇದ್ದಾನೆ. ಆ ಕರೆಯನ್ನೂ ಹಂಚಿಕೊಳ್ಳಬೇಕೆ?

ಮಾರ್ಚ್ 6

ಚಹಾ ಕುಡಿಯುತ್ತಿಲ್ಲ. ಬೆಳಗಿನದು ಅರ್ಧ ಬಿಟ್ಟ. ಹನ್ನೊಂದರದು ಆರಿಹೋಗುವವರೆಗೆ ಮುಟ್ಟಲಿಲ್ಲ. “ಬೇಡಕ್ಕ, ಆಗಲೇ ಆಯ್ತು” ಎಂದ.

ಆಗಲೇ ಎಲ್ಲಿ ಆಯಿತು? ನನಗೆ ಗೊತ್ತಿಲ್ಲವೆ? ಅವಳ ಅಂಗಡಿಯ ಹಿಂದೆ ಪುಟ್ಟ ಒಲೆ ಇದೆ. ಈಗ ಚಹಾವೂ ಅಲ್ಲೇ. ನಾಳೆ ಊಟ. ನಾಡಿದ್ದು ಬಟ್ಟೆಬರೆ ತುಂಬಿಕೊಂಡು ಬೀದಿ ದಾಟಿದರೆ ಮುಗಿಯಿತು. ಅಷ್ಟೇ ಅಗಲದ ಬೀದಿ ದಾಟಲು ಎಷ್ಟು ಹೊತ್ತು ಬೇಕು? ಆಮೇಲೆ ನಾನು ಈ ಎರಡು ಕೋಣೆಯಲ್ಲಿ ಯಾರಿಗೆ ಸೂಪು ಮಾಡಲಿ?

ನನ್ನ ಮಾತ್ರೆಯನ್ನು ಮಾತ್ರ ತಪ್ಪದೆ ತಿನ್ನುತ್ತಾನೆ. ಅದೊಂದು ಸಮಾಧಾನ.

ಮಾರ್ಚ್ 19

ಇವತ್ತು ಕಂಡದ್ದನ್ನು ಬರೆಯದಿದ್ದರೆ ನಿದ್ದೆ ಬಾರದು.

ತಮ್ಮ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳಲಿಲ್ಲ. ಬಟ್ಟಲಲ್ಲಿ ಇಟ್ಟುಕೊಂಡು ಒಂದೊಂದಾಗಿ ಹೆಕ್ಕಿ ಹೊಡೆಯುತ್ತಿದ್ದ. ಬಾಯಲ್ಲಿ ಕಬ್ಬಿಣ ಇಡಬೇಡವೋ, ನುಂಗಿಬಿಟ್ಟೀಯೆ ಎಂದು ಅವನ ಮೀಸೆ ಮೂಡುವ ಮೊದಲಿಂದ ಹೇಳುತ್ತ ಬಂದಿದ್ದೇನೆ. ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಅವಳು ಒಂದು ಮಾತು ಹೇಳಿದಳು, ಮೊಳೆ ಬಟ್ಟಲಿಗೆ ಬಂತು!

ಸೂಜಿ ಅಲ್ಲೇ ಚುಚ್ಚಿಟ್ಟು ಎದ್ದೆ. ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದೆ.

“ಏನು ಮಂತ್ರ ಹಾಕಿದ್ದೀರಿ ನಮ್ಮ ಹುಡುಗನಿಗೆ?” ಎಂದೆ. ಅಂಗಡಿಯಲ್ಲಿ ಗಿರಾಕಿ ಇದ್ದ. ಇರಲಿ ಎಂದುಕೊಂಡೆ.

ಅವಳು ಕನ್ನಡಕ ತೆಗೆದಳು. “ನಾನೇ ನಿಮ್ಮನ್ನ ಕೇಳೋಣ ಅಂತಿದ್ದೆ. ನೀವೇನು ಹೇಳಿದ್ರಿ ಅವರಿಗೆ?”

“ನಾನೇನು ಹೇಳ್ಲಿ? ನಮ್ಮನೆ ಚಹಾ ಬಿಟ್ಟು ನಿಮ್ಮ ಚಹಾ ಕುಡೀತಾನೆ.”

“ನಮ್ಮನೆ ಚಹಾನಾ? ಇಲ್ಲಿ ಚಹಾ ಬಿಟ್ಟು ಎರಡು ವಾರ ಆಯ್ತು! ಆಗಲೇ ಆಯ್ತು ಅಂತಾರೆ. ನೀವೇ ಬೇಡ ಅಂದಿದ್ದೀರಿ ಅಂದ್ಕೊಂಡು ನನಗೆ ಹೊಟ್ಟೆ ಉರೀತಾ ಇತ್ತು.”

“ನಿಮಗೆ ಹೊಟ್ಟೆ ಉರೀತಿತ್ತಾ?”

“ಉರೀದೆ? ಯಾವಾಗ ನೋಡಿದ್ರೂ ಅಕ್ಕ ಹೀಗಂದ್ಲು, ಅಕ್ಕ ಹಾಗಂದ್ಲು, ಅಕ್ಕನ ಸೂಪು ಕುಡಿದ್ರೆ ಸತ್ತವನೂ ಎದ್ದು ಕೂರ್ತಾನೆ. ನಾನೂ ಮನುಷ್ಯಳೇ ತಾನೆ?”

ಸತ್ತವನೂ ಎದ್ದು ಕೂರುತ್ತಾನೆ ಎಂದನೆ? ನನ್ನ ಮುಂದೆ ಒಂದು ದಿನವೂ ಹಾಗೆಂದವನಲ್ಲ.

“ಮೊಳೆ?” ಎಂದೆ. “ಮೊಳೆ ಬಾಯಲ್ಲಿ ಇಟ್ಕೋಬೇಡ ಅಂತ ನೀವು ಹೇಳಿದ್ದಲ್ವಾ?”

“ನಾನ್ಯಾಕೆ ಹೇಳ್ಲಿ? ಅವರ ಕೆಲಸದ ರೀತಿ ಅದು.”

ಗಿರಾಕಿ ತನ್ನ ಕೆಮ್ಮಿನ ಔಷಧಿ ಹಿಡಿದು ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡುತ್ತಿದ್ದ. ಚಹಾ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಕಬ್ಬಿಣ ಬಾಯಿಗೆ ತಾಕಿಸುವುದಿಲ್ಲ. ಅವಳೇ ಮೊದಲು ಬಾಯಿಬಿಟ್ಟಳು, “ಹಲ್ಲು.”

ಅದು ನನಗೆ ಹೊಳೆಯಬೇಕಿತ್ತು. ಸಾಕಿದವಳು ನಾನು.

ಮಾರ್ಚ್ 20

ಹಲ್ಲಿನ ಡಾಕ್ಟರ ಬಳಿಗೆ ಮೂವರೂ ಹೋದೆವು. ನಾನೊಬ್ಬಳೇ ಕರೆದುಕೊಂಡು ಹೋಗುತ್ತೇನೆಂದೆ, ಅವಳು ಆಗಲೇ ಅಂಗಡಿಗೆ ಬೀಗ ಹಾಕಿ ನಿಂತಿದ್ದಳು. ಅವನು ನಮ್ಮಿಬ್ಬರ ನಡುವೆ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಡೆದ.

ಡಾಕ್ಟರು ಎಳೆ ವಯಸ್ಸಿನ ಹೆಂಗಸು. ಬಾಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದಳು. ನಾವಿಬ್ಬರೂ ಬಾಗಿಲಲ್ಲಿ ಒಬ್ಬರ ಭುಜಕ್ಕೊಬ್ಬರು ಒತ್ತಿಕೊಂಡು ನಿಂತಿದ್ದೆವು.

“ಏನಾದ್ರೂ ಹುಳಿ ಪದಾರ್ಥ ಬಾಯಲ್ಲೇ ಇಟ್ಕೊಂಡಿರ್ತೀರಾ? ದವಡೆ ಹಲ್ಲಿನ ಮೇಲ್ಪದರ ಸವೆದಿದೆ. ಅದಕ್ಕೇ ಬಿಸಿ, ತಣ್ಣಗೆ, ಏನು ತಾಕಿದ್ರೂ ಜುಮ್ ಅನ್ನೋದು. ವಿಚಿತ್ರ ಅಂದ್ರೆ ಎರಡೂ ಕಡೆ ಒಂದೇ ಥರ ಸವೆದಿದೆ.”

ಅವನು ಬಾಯಿ ತೆರೆದುಕೊಂಡೇ ಕಣ್ಣು ಮುಚ್ಚಿದ.

“ವಿಟಮಿನ್ ಸಿ ಮಾತ್ರೆ ಕೊಡ್ತಿದ್ದೆ” ಎಂದಳು ಔಷಧಿ ಅಂಗಡಿಯವಳು. “ಆದ್ರೆ ಅದು ಅಗಿದು ನುಂಗೋದು. ಒಂದು ನಿಮಿಷದ ಕೆಲಸ.”

“ಅಗೀತಿದ್ರಾ?” ಎಂದಳು ಡಾಕ್ಟರು.

“ಇಲ್ಲ. ಮೊಳೆ ಇಟ್ಕೊಂಡು ಅಭ್ಯಾಸ, ಕೆನ್ನೆ ಸಂದಿಲಿ ಇಟ್ಕೋತಿದ್ದೆ. ಕೆಲಸ ಮಾಡ್ತಾ ಮಾಡ್ತಾ ಕರಗ್ತಿತ್ತು. ಅಗಿದ್ರೆ ಬೇಗ ಮುಗಿದುಹೋಗುತ್ತಲ್ಲ.”

“ಅದು ಆಸಿಡ್ಡು ಕಣ್ರೀ! ಗಂಟೆಗಟ್ಟಲೆ ಹಲ್ಲಿಗೆ ಒತ್ತಿ ಇಟ್ಕೊಂಡ್ರೆ? ಹೋಗ್ಲಿ, ಒಂದು ಮಾತ್ರೆಗೆ ಎರಡೂ ಕಡೆ ಹೇಗೆ ಸವೀತು?”

ಅವನು ನನ್ನನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಚಾವಣಿ ನೋಡುತ್ತ ಹೇಳಿದ.

“ಬಲಗಡೆ ಇವರದು. ಎಡಗಡೆ ಅಕ್ಕನದು.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಮಗೆ ನಗು ಬರಲಿಲ್ಲ. ಒಬ್ಬರ ಭುಜದಿಂದ ಒಬ್ಬರು ಸರಿದೆವು.

ಮಾತ್ರೆ ನಿಲ್ಲಿಸಿ, ದಿನಾ ಹಣ್ಣು ತರಕಾರಿ ತಿನ್ನುವವರಿಗೆ ಅದರ ಅಗತ್ಯವೂ ಇಲ್ಲ, ಧೂಳಿನ ಸೀನಿಗೆ ಮೂಗಿಗೆ ಮಾಸ್ಕ್ ಕಟ್ಟಿ ಎಂದಳು. ಸವೆದ ಕಡೆ ಏನೋ ಹಚ್ಚುತ್ತೇನೆ, ಹೊರಗೆ ಕೂತಿರಿ ಎಂದು ನಮ್ಮನ್ನು ಕಳಿಸಿದಳು. ಹೊರಗಿನ ಸೋಫಾದಲ್ಲಿ ಕೂತರೆ ಸ್ಪ್ರಿಂಗು ಚುಚ್ಚಿತು.

“ಇದಕ್ಕೆ ಸ್ಪ್ರಿಂಗು ಹಿಡಿಯೋ ಅಡಿಪಟ್ಟಿ ಹೋಗಿದೆ” ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

“ನೀವು ಎಷ್ಟು ಪವರಿಂದು ಕೊಡ್ತಿದ್ರಿ?” ಎಂದಳು.

“ಸಾವಿರ.”

“ಅಯ್ಯೋ ದೇವರೇ! ನನ್ನ ಕೇಳಬಾರದಿತ್ತಾ?”

“ನಿಮ್ಮನ್ನ ಕೇಳಿ ಕೊಡೋದಾದ್ರೆ ಕೊಡೋದೇ ಯಾಕೆ?”

ಅವಳು ಕನ್ನಡಕದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು ಅಕ್ಕ. ನಿಮ್ಮ ಕೈಯೂಟ ಮಾಡೋರಿಗೆ ವಿಟಮಿನ್ ಯಾಕೆ ಬೇಕು? ಎಷ್ಟು ವರ್ಷದಿಂದ ಮಾರ್ತಿದ್ದೀನಿ, ಅಷ್ಟೂ ಗೊತ್ತಾಗಲ್ವಾ?”

“ಮತ್ಯಾಕೆ ಕೊಟ್ಟೆ?” ನೀವು ಹೋಗಿ ನೀನು ಬಂದದ್ದು ಆಮೇಲೆ ಗಮನಕ್ಕೆ ಬಂತು.

“ಅವರು ದಿನಾ ಬರ್ಲಿ ಅಂತ.”

ನನ್ನ ಕಡೆ ತಿರುಗಿ ಕೇಳಿದಳು, “ನೀವ್ಯಾಕೆ ಕೊಟ್ರಿ?”

“ಅವನು ದಿನಾ ಬರದೇ ಇರ್ಲಿ ಅಂತ.”

ಆಗ ನಗು ಬಂತು. ಮೊದಲು ಅವಳಿಗೆ, ಆಮೇಲೆ ನನಗೆ. ಒಳಗೆ ಅವನ ಬಾಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಅವಳು ಅತ್ತಳು ಕೂಡ. ನಾನು ಅಳಲಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು, ಆ ಸೋಫಾ ಅಂಥದ್ದು.

ಮಾರ್ಚ್ 29

ಇವತ್ತು ಮೂರು ಸಲ ಬಂದಳು. ಅವನ ಹಲ್ಲು ವಿಚಾರಿಸಲು ಎರಡು ಸಲ. ಮೂರನೆಯ ಸಲ ನನ್ನ ಹತ್ತಿರ ಅಂಚು ಹೊಲಿಯುವುದು ಕಲಿಯಲು. ಕೈ ಒರಟು, ಆದರೆ ತಿದ್ದಿದರೆ ಮೂತಿ ಸೊಟ್ಟ ಮಾಡುವುದಿಲ್ಲ. ನಾವು ಮಾತಾಡುತ್ತಿದ್ದರೆ ಅವನು ನಡುವೆ ಬಂದು ಸುತ್ತಿಗೆ ಎಲ್ಲಿ, ಕತ್ತರಿ ಎಲ್ಲಿ ಎನ್ನುತ್ತಾನೆ. ಕಣ್ಣೆದುರಿಗೇ ಇರುತ್ತದೆ.

ಏಪ್ರಿಲ್ 8

ಕೇಳಿಯೇಬಿಟ್ಟ. ಊಟ ಮಾಡುತ್ತಿದ್ದೆವು.

“ಅಕ್ಕ, ನಾನೂ ಅವರೂ ಮದುವೆ ಆಗೋಣ ಅಂತ.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. “ಅಲ್ಲಿಗೆ ಹೋಗ್ತೀಯಾ?” ಎಂದೆ.

“ಅವರು ಇಲ್ಲಿಗೆ ಬರ್ತೀನಿ ಅಂತಾರೆ. ಅಂಗಡಿ ಅಲ್ಲಿ, ಮನೆ ಇಲ್ಲಿ. ಆದ್ರೆ ನೀನು ಹೂಂ ಅಂದ್ರೆ ಮಾತ್ರ ಅಂತೆ. ನನ್ನ ಹೂಂಗೆ ಬೆಲೆನೇ ಇಲ್ಲ.”

ನೋಡೋಣ ಎಂದೆ. ತಟ್ಟೆ ತೊಳೆಯುತ್ತ ನಿಂತಾಗ ಅನ್ನಿಸಿತು, ಈ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ನಿಂತರೆ ಮೊಣಕೈ ತಾಗುತ್ತದೆ. ಅವಳು ಉಪ್ಪಿನ ಡಬ್ಬಿಯನ್ನು ತನಗೆ ಬೇಕಾದ ಕಡೆ ಇಡುತ್ತಾಳೆ. ಅವನು ಮೊದಲು ಅವಳ ಮುಖ ನೋಡುತ್ತಾನೆ, ಆಮೇಲೆ ನನ್ನದು. ಇದನ್ನೆಲ್ಲ ನುಂಗಬೇಕು.

ಏಪ್ರಿಲ್ 13

ಅವಳ ಅಕ್ಕನಿಗೆ ಸೊಂಟದ ಆಪರೇಷನ್ನಂತೆ. ಅಂಗಡಿಯನ್ನು ಪರಿಚಯದವರಿಗೆ ಒಪ್ಪಿಸಿ ಇವತ್ತು ಬೆಳಿಗ್ಗೆ ಹೊರಟಳು. ಬಸ್ಸಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಹೂಂ ಎನ್ನುವ ಬದಲು ಹುಷಾರು ಎಂದೆ.

ಏಪ್ರಿಲ್ 22

ದಿನಾ ಫೋನು ಅವನಿಗೇ. ಅವನು ಅಂಗಡಿಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಾತಾಡುತ್ತಾನೆ. ಏನಂತೆ ಎಂದರೆ, “ನಿನ್ನ ಕೇಳಿದ್ರು” ಎನ್ನುತ್ತಾನೆ. ಏನು ಕೇಳಿದಳು, ಹೇಗೆ ಕೇಳಿದಳು, ಅದೊಂದೂ ಇಲ್ಲ. ಅವಳ ಅಕ್ಕ ನಡೆದಾಡುತ್ತಾರಾ ಎಂದರೆ ಕೇಳಲಿಲ್ಲ ಎನ್ನುತ್ತಾನೆ. ಇಷ್ಟು ಹೊತ್ತು ಮಾತಾಡಿ ಅದನ್ನೂ ಕೇಳದವನಿಗೆ ಫೋನೇಕೆ ಮಾಡಬೇಕು?

ಆ ಅಕ್ಕನಿಗೆ ಅದೃಷ್ಟ. ಎದುರಿಗೇ ಕೂತು ಮಾತಾಡುವವಳು ಸಿಕ್ಕಿದ್ದಾಳೆ. ಇಲ್ಲಿ ಅವಳು ಅರ್ಧ ಹೊಲಿದು ಬಿಟ್ಟ ಅಂಚು ಹಾಗೇ ಇದೆ. ಅದನ್ನು ನಾನು ಮುಗಿಸುವುದಿಲ್ಲ.

ಏಪ್ರಿಲ್ 24

ಅವಳಿಗೆ ಕಾಗದ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ.

ನಿನ್ನ ಅಕ್ಕನ ಸೊಂಟ ಹೇಗಿದೆ? ಕೋಲು ಹಿಡಿದು ನಡೆಯುತ್ತಾರೆಯೆ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲವೆ ಎಲ್ಲರಿಗೂ ಮಾತ್ರೆ ಕೊಡುತ್ತ ನಿನ್ನ ಹೊಟ್ಟೆ ಮರೆತಿದ್ದೀಯಾ? ಇಲ್ಲಿ ನಿನ್ನ ಮೊಳೆ ಮೇಸ್ತ್ರಿ ಬಿಸಿ ಚಹಾ ಕುಡಿಯುತ್ತಿದ್ದಾನೆ. ಮಾಸ್ಕ್ ಕಟ್ಟುತ್ತಾನೆ, ನಾನು ಆಚೆ ಹೋದ ಕೂಡಲೆ ಬಿಚ್ಚುತ್ತಾನೆ.

ಅವನ ಕೋಣೆಯ ಮಂಚ ಒಬ್ಬರಿಗೆ ಮಾಡಿದ್ದು. ಅದನ್ನು ಹೊರಗೆ ಹಾಕಿಸಿ ದೊಡ್ಡದು ತರಿಸಿದ್ದೇನೆ. ಹಾಸಿಗೆ ನಾನೇ ಹೊಲಿಯುತ್ತೇನೆ, ಅಂಗಡಿಯಿಂದ ತಂದದ್ದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಿನಗೆ ಮೆತ್ತಗೆ ಬೇಕೋ ಗಟ್ಟಿಯಾಗಿ ಬೇಕೋ ಎಂದು ಅವನನ್ನು ಕೇಳಿದೆ. ನಿನ್ನ ಇಷ್ಟ ತನಗೆ ಗೊತ್ತಿಲ್ಲ ಎಂದ. ಅವನಿಗೆ ಗೊತ್ತಿಲ್ಲ ಎಂದು ಕೇಳಿ ನನಗೆಷ್ಟು ಹಿತವಾಯಿತೆಂದು ಬರೆಯಲಾರೆ.

ಫೋನಿನಲ್ಲಿ ಅವನಿಗೆ ಹೇಳಬೇಡ. ನನಗೆ ಬರೆ. ಹತ್ತಿ ಬಿಡಿಸಿಟ್ಟುಕೊಂಡು ಕೂತಿದ್ದೇನೆ, ಬೇಗ ಬರೆ.